90 ಅಂಕದ ಗೇಮ್ ಬೋರ್ ಹೊಡೆಸಿದರೆ ತಪ್ಪು ಯಾರದು?

ಪ್ರಶ್ನೆ: ನಾನು ವಿಮರ್ಶೆ ಓದದೆ ಗೇಮ್ ಕೊಳ್ಳುವವನಲ್ಲ. ಆದರೂ ಈಚೆಗೆ ಲೆಕ್ಕ ತಪ್ಪುತ್ತಿದೆ. ಎಲ್ಲ ಕಡೆ 90ರ ಮೇಲೆ ಅಂಕ ಪಡೆದ ಗೇಮ್ ಎರಡು ಗಂಟೆಗೇ ಸಾಕುಸಾಕಾಯಿತು. 60ರ ಆಸುಪಾಸಿನಲ್ಲಿ ತೆವಳಿದ ಇನ್ನೊಂದನ್ನು ಮೂರು ಸಲ ಮುಗಿಸಿದೆ. ಒಂದೇ ಗೇಮ್‌ಗೆ ಪಿಸಿಯಲ್ಲಿ ಹೊಗಳಿಕೆ, ಕನ್ಸೋಲ್‌ನಲ್ಲಿ, ಅಂದರೆ ಪ್ಲೇಸ್ಟೇಷನ್‌ನಂಥ ಯಂತ್ರದಲ್ಲಿ, ಬೈಗುಳ. ಆಟಗಾರರು ಕೊಡುವ ಅಂಕವಂತೂ ಬೇರೆಯೇ ಲೋಕ. ವಿಮರ್ಶಕರು ದುಡ್ಡು ತಗೊಂಡು ಬರೆಯುತ್ತಾರೆ ಅಂತ ಗೆಳೆಯರು ಹೇಳುತ್ತಾರೆ. ಯಾರ ಮಾತನ್ನು ಎಷ್ಟು ನಂಬಬೇಕು?

ಉತ್ತರ: ದುಡ್ಡಿನ ವಿಚಾರ ಮೊದಲು ಮುಗಿಸಿಬಿಡೋಣ, ಅದು ನಿಮ್ಮ ಗೆಳೆಯರು ಅಂದುಕೊಂಡಷ್ಟು ದೊಡ್ಡದಲ್ಲ. ಜಾಹೀರಾತಿನ ಒತ್ತಡ ಇಲ್ಲವೇ ಇಲ್ಲ ಅಂತ ನಾನೇನೂ ಹೇಳುತ್ತಿಲ್ಲ. 2007ರ ಕೊನೆಯಲ್ಲಿ ಗೇಮ್‌ಸ್ಪಾಟ್ ಅನ್ನುವ ವಿಮರ್ಶೆ ತಾಣದ ಸಂಪಾದಕ ಜೆಫ್ ಗೆರ್ಸ್ಟ್‌ಮನ್ ಕೆಲಸ ಕಳೆದುಕೊಂಡರು. ‘ಕೇನ್ ಅಂಡ್ ಲಿಂಚ್’ಗೆ ಅವರು 6 ಅಂಕ ಕೊಟ್ಟಿದ್ದರು, ಅದೇ ಹೊತ್ತಿಗೆ ಆ ಗೇಮ್‌ನ ಜಾಹೀರಾತು ಅದೇ ತಾಣವನ್ನು ತುಂಬಿತ್ತು. ಇದರ ಹಿಂದೆ ಜಾಹೀರಾತುದಾರರ ಒತ್ತಡವಿತ್ತೆಂದು 2012ರಲ್ಲಿ ಅವರೇ ಬಾಯಿಬಿಟ್ಟರು. ಇಂಥದ್ದು ಆಗಿದೆ. ಆದರೆ ಲಕೋಟೆಯಲ್ಲಿ ನೋಟು ತುಂಬಿ ಕೊಡುವ ಚಿತ್ರ ಬರೀ ಕಲ್ಪನೆ. ಇಷ್ಟು ವರ್ಷ ಇದೇ ಕೆಲಸ ಮಾಡಿ ನಾನು ಕಂಡಂತೆ ವಿಮರ್ಶೆಯನ್ನು ಕೆಡಿಸುವುದು ಆತುರ. ಅರವತ್ತು ಗಂಟೆಯ ಗೇಮ್ ಕೈಗೆ ಸಿಗುವುದು ಬಿಡುಗಡೆಗೆ ಒಂದು ವಾರ ಮುಂಚೆ, ಕೆಲವೊಮ್ಮೆ ಅದಕ್ಕಿಂತ ತಡವಾಗಿ. ಎಲ್ಲರ ವಿಮರ್ಶೆಯೂ ಒಂದೇ ನಿಮಿಷಕ್ಕೆ ಹೊರಬೀಳಬೇಕು, ಯಾರದು ತಡವಾಯಿತೋ ಅದನ್ನು ಓದುವವರಿಲ್ಲ. ಹಾಗಾಗಿ ನಿದ್ದೆಗೆಟ್ಟವರು ಬರೆದದ್ದನ್ನು ನೀವು ಓದುತ್ತಿರುತ್ತೀರಿ. ಪಕ್ಕದ ಹಾದಿಗಳನ್ನು ಬಿಟ್ಟು, ಮುಖ್ಯ ಕಥೆಯನ್ನು ಹಿಡಿದು ಓಡಿದವರು ಅವರು. ನಿಧಾನವಾಗಿ ಸವಿಯಬೇಕಾದ ಗೇಮ್‌ಗಳು ಈ ಓಟದಲ್ಲಿ ಸೋಲುತ್ತವೆ. ಮೊದಲ ಹತ್ತು ಗಂಟೆ ಬೆರಗು ಹುಟ್ಟಿಸಿ ಆಮೇಲೆ ಅದದನ್ನೇ ಮಾಡಿಸುವ ಗೇಮ್‌ಗಳು ಗೆಲ್ಲುತ್ತವೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ನಾನು ವಿಮರ್ಶೆ ತೆರೆದ ಕೂಡಲೇ ಅಂಕ ನೋಡುವುದಿಲ್ಲ, ದೂರು ಎಲ್ಲಿದೆ ಅಂತ ಹುಡುಕುತ್ತೇನೆ. ಹೊಗಳಿಕೆ ಎಲ್ಲ ಕಡೆ ಒಂದೇ ಥರ ಇರುತ್ತದೆ: ಜೀವಂತ ಜಗತ್ತು, ಮನಮುಟ್ಟುವ ಕಥೆ, ಕಣ್ಣು ಕುಕ್ಕುವ ದೃಶ್ಯ. ಗೇಮ್‌ನ ಹೆಸರು ಅಳಿಸಿದರೆ ಯಾವುದಕ್ಕೆ ಬರೆದದ್ದು ಅಂತಲೇ ತಿಳಿಯದು. ಬೈಯುವಾಗ ಮಾತ್ರ ವಿಮರ್ಶಕ ವಿವರಕ್ಕೆ ಇಳಿಯಲೇಬೇಕು. ನಿಮಗೆ ಬೇಕಾದ ಮಾಹಿತಿ ಇರುವುದು ಅಲ್ಲೇ.

ಒಂದನ್ನು ಹತ್ತಿರದಿಂದ ತೋರಿಸುತ್ತೇನೆ. 2014ರ ‘ಏಲಿಯನ್: ಐಸೊಲೇಶನ್’ಗೆ ಐಜಿಎನ್ ತಾಣದ ವಿಮರ್ಶಕ ಕೊಟ್ಟದ್ದು ಹತ್ತಕ್ಕೆ 5.9. ಪಿಸಿ ಗೇಮರ್ ಪತ್ರಿಕೆ ಕೊಟ್ಟದ್ದು ನೂರಕ್ಕೆ 93. ಮೂವತ್ತಕ್ಕೂ ಮೀರಿದ ಅಂತರ. ಇಬ್ಬರಲ್ಲಿ ಒಬ್ಬರಿಗೆ ತಲೆ ಕೆಟ್ಟಿತ್ತೇ? ಆಡಿ ನೋಡಿದರೆ ಗೊತ್ತಾಗುತ್ತದೆ. ಕೈಬಿಟ್ಟ ಬಾಹ್ಯಾಕಾಶ ನಿಲ್ದಾಣ, ನಿಮ್ಮನ್ನು ಹುಡುಕುತ್ತಿರುವ ಒಂದೇ ಒಂದು ಪ್ರಾಣಿ. ಲಾಕರ್ ಒಳಗೆ ಹೊಕ್ಕು ಬಾಗಿಲು ಎಳೆದುಕೊಳ್ಳುತ್ತೀರಿ. ಅದು ಹತ್ತಿರ ಬಂದು ಮೂಸುವಾಗ ಹಿಂದಕ್ಕೆ ಒರಗಿ ಉಸಿರು ಬಿಗಿಹಿಡಿಯಬೇಕು. ಹಿಡಿದಷ್ಟೂ ಜೀವ ಸೋರುತ್ತದೆ. ಆಟ ತಾನಾಗಿ ಸೇವ್ ಆಗುವುದಿಲ್ಲ. ಗೋಡೆಯ ಮೇಲಿನ ಯಂತ್ರದ ತನಕ ಹೋಗಿ, ಕಾರ್ಡ್ ತೂರಿಸಿ, ಮೂರು ಸಲ ಬೀಪ್ ಅನ್ನುವವರೆಗೆ ನಿಂತಿರಬೇಕು. ಆ ಮೂರು ಬೀಪ್‌ಗಳ ನಡುವೆಯೇ ಹಿಂದಿನಿಂದ ಬಾಲ ಎದೆಯನ್ನು ಸೀಳಿಕೊಂಡು ಬರಬಹುದು, ಹದಿನೈದು ನಿಮಿಷದ ಪಾಡು ನೀರಿಗೆ ಹೋಗಬಹುದು. ಪ್ರೋಗ್ರಾಮ್ ಒಳಗೆ ಎರಡು ಬುದ್ಧಿಗಳಿವೆ. ಒಂದಕ್ಕೆ ನೀವು ಎಲ್ಲಿದ್ದೀರಿ ಅಂತ ಸದಾ ಗೊತ್ತು, ಅದು ಪ್ರಾಣಿಗೆ ‘ಆ ಕಡೆ ಹುಡುಕು’ ಅಂತಷ್ಟೇ ಸುಳಿವು ಕೊಡುತ್ತದೆ. ಪ್ರಾಣಿ ಮಾತ್ರ ತನ್ನ ಕಣ್ಣು ಕಿವಿ ನಂಬಿಯೇ ನಿಮ್ಮನ್ನು ಹಿಡಿಯಬೇಕು. ಹಾಗಾಗಿ ಅದರ ನಡೆ ಬಾಯಿಪಾಠಕ್ಕೆ ಸಿಗುವುದಿಲ್ಲ.

ಕಡಿಮೆ ಅಂಕ ಕೊಟ್ಟವರ ದೂರು ಇದೇ: ಸತ್ತು ಸತ್ತು ಅದೇ ದಾರಿ ತುಳಿಯಬೇಕು, ಮುಗಿಯಬೇಕಾದ ಕಡೆ ಮುಗಿಯುವುದಿಲ್ಲ. ಮೆಚ್ಚಿದವರು ಮೆಚ್ಚಿದ್ದೂ ಇದನ್ನೇ: ಇದು ಬಿಡುವುದೇ ಇಲ್ಲವಲ್ಲ! ಇಬ್ಬರೂ ಕಂಡದ್ದು ಒಂದೇ, ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ. 5.9ರ ವಿಮರ್ಶೆ ಓದಿಯೇ ‘ಇದು ನನಗೆ ಹೇಳಿ ಮಾಡಿಸಿದ ಗೇಮ್’ ಅಂತ ತೀರ್ಮಾನಿಸಬಹುದಿತ್ತು. ಅದು ಒಳ್ಳೆಯ ವಿಮರ್ಶೆಯ ಲಕ್ಷಣ ಅಂತಲೇ ನನ್ನ ಎಣಿಕೆ, ಅಂಕ ನನಗೆ ಒಪ್ಪಿಗೆಯಾಗದಿದ್ದರೂ.

ಈ ವಿವರ ಎಲ್ಲ ಅರೆದು ಒಂದು ಸಂಖ್ಯೆ ಮಾಡುವ ಚಾಳಿ ಹಳೆಯದು. ಜಪಾನಿನ ಫಾಮಿತ್ಸು ಪತ್ರಿಕೆಯಲ್ಲಿ ನಾಲ್ವರು ತಲಾ 10ರಂತೆ ಒಟ್ಟು 40ಕ್ಕೆ ಅಂಕ ಕೊಡುತ್ತಿದ್ದರು. ಮೊದಲ ಸಲ 40ಕ್ಕೆ 40 ಬಂದದ್ದು 1998ರ ‘ಝೆಲ್ಡಾ: ಒಕರಿನಾ ಆಫ್ ಟೈಮ್’ಗೆ. ಅಲ್ಲಿ ಕನಿಷ್ಠ ನಾಲ್ವರ ಮಾತು ಬೇರೆ ಬೇರೆ ಕಾಣುತ್ತಿತ್ತು. 2001ರಲ್ಲಿ ಎಲ್ಲ ಕಡೆಯ ಅಂಕ ಕಲೆಹಾಕುವ ಮೆಟಾಕ್ರಿಟಿಕ್ ತಾಣ ಬಂದ ಮೇಲೆ ಎಲ್ಲರನ್ನೂ ಒಂದೇ ಸರಾಸರಿಗೆ ಸುರಿಯಲಾಯಿತು. ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟರೆ ಅದು 80 ಆಗುತ್ತದೆ. ಯಾವ ಪತ್ರಿಕೆಗೆ ಎಷ್ಟು ತೂಕ ಅನ್ನುವುದನ್ನು ಹೇಳುವುದಿಲ್ಲ. ಇದಕ್ಕಿಂತ ಸ್ವಾರಸ್ಯದ ಸಂಗತಿ ಅದರ ಬಣ್ಣಗಳಲ್ಲಿದೆ: ಸಿನಿಮಾ, ಸಂಗೀತಕ್ಕೆ 61 ಬಂದರೆ ಹಸಿರು, ಗೇಮ್‌ಗೆ ಹಸಿರು ಸಿಗಲು 75 ಬೇಕು. ಗೇಮ್ ಲೋಕದಲ್ಲಿ ಅಂಕ ಎಷ್ಟು ಉಬ್ಬಿದೆ ಅನ್ನುವುದಕ್ಕೆ ಇದೇ ಸಾಕ್ಷಿ. ನಮ್ಮಲ್ಲಿ 70 ಅಂದರೆ ‘ಪರವಾಗಿಲ್ಲ’, 60 ಅಂದರೆ ‘ಹತ್ತಿರ ಸುಳಿಯಬೇಡಿ’. 50ರ ಕೆಳಗಿನ ಅರ್ಧ ಅಳತೆಕೋಲು ಧೂಳು ತಿನ್ನುತ್ತಿದೆ. ಹಾಗಾಗಿ ನಿಮ್ಮ 60ರ ಗೇಮ್ ನಿಜಕ್ಕೂ ಅರವತ್ತರದ್ದಲ್ಲ. ಯಾವುದೋ ಒಂದು ವಿಷಯಕ್ಕೆ ಕೆಲವರನ್ನು ಸಿಟ್ಟಿಗೆಬ್ಬಿಸಿದ್ದು.

ಆ ಸರಾಸರಿಯಿಂದ ಮನುಷ್ಯರಿಗೆ ಪೆಟ್ಟೂ ಬೀಳುತ್ತದೆ. 2010ರ ‘ಫಾಲ್‌ಔಟ್: ನ್ಯೂ ವೇಗಸ್’ ಮಾಡಿದ ಒಬ್ಸಿಡಿಯನ್ ತಂಡಕ್ಕೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಅಂತ ಒಪ್ಪಂದವಿತ್ತು. ಬಂದದ್ದು 84. ಒಂದೇ ಒಂದು ಅಂಕ! ಈಗ ಆ ಸರಣಿಯ ಅಭಿಮಾನಿಗಳನ್ನು ಕೇಳಿ, ಬಹಳ ಮಂದಿ ಅದನ್ನೇ ಮೊದಲ ಸಾಲಿಗೆ ಇಡುತ್ತಾರೆ.

ಪಿಸಿ, ಕನ್ಸೋಲ್ ಜಗಳಕ್ಕೆ ಬರೋಣ. ಇಲ್ಲಿ ನಿಮ್ಮ ಅನುಮಾನ ಪೂರಾ ಸರಿ. ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್ 10ಕ್ಕೆ ಬಂತು. ವಿಮರ್ಶಕರಿಗೆ ಮುಂಚಿತವಾಗಿ ಕೊಟ್ಟದ್ದು ಪಿಸಿ ಆವೃತ್ತಿ ಮಾತ್ರ. ಅವರು ತಾವು ಆಡಿದ ದೃಶ್ಯವನ್ನು ತೋರಿಸುವ ಹಾಗೂ ಇರಲಿಲ್ಲ, ಕಂಪನಿ ಕೊಟ್ಟ ವಿಡಿಯೊ ಮಾತ್ರ ಬಳಸಬೇಕಿತ್ತು. ಪಿಸಿ ಆವೃತ್ತಿಯ ಸರಾಸರಿ 86ರಲ್ಲಿ ನಿಂತಿತು. ಆಮೇಲೆ ಪ್ಲೇಸ್ಟೇಷನ್ 4ರಲ್ಲಿ ಆಡಿ ಬರೆದ ವಿಮರ್ಶಕರ ಸರಾಸರಿ 57. ಬಿಡುಗಡೆಯಾಗಿ ವಾರ ಕಳೆಯುವಷ್ಟರಲ್ಲಿ ಸೋನಿ ತನ್ನ ಅಂಗಡಿಯಿಂದಲೇ ಅದನ್ನು ಇಳಿಸಿತು. ಮತ್ತೆ ಏರಿದ್ದು 2021ರ ಜೂನ್‌ನಲ್ಲಿ. ಅಂಗಡಿಗೆ ಹೋಗುವ ಮುನ್ನ ವಿಮರ್ಶೆ ಓದಿದವರು ಓದಿದ್ದು ಬೇರೆ ಗೇಮ್, ಮನೆಗೆ ತಂದದ್ದು ಬೇರೆ ಗೇಮ್. ಅದೇ ಗೇಮ್ 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ಹೊತ್ತಿಗೆ ಮತ್ತೊಂದು ಜನ್ಮ ತಾಳಿತ್ತು.

ಹಾಗಂತ ಪಿಸಿಯೇ ಮೇಲು ಅಂದುಕೊಳ್ಳಬೇಡಿ. 2015ರಲ್ಲಿ ‘ಬ್ಯಾಟ್‌ಮನ್: ಆರ್ಕಮ್ ನೈಟ್’ ಕನ್ಸೋಲ್‌ನಲ್ಲಿ ಸಲೀಸಾಗಿ ಓಡುತ್ತಿದ್ದಾಗ ಪಿಸಿ ಆವೃತ್ತಿ ಎಷ್ಟು ಕೆಟ್ಟಿತ್ತೆಂದರೆ ಮಾರಾಟವನ್ನೇ ನಿಲ್ಲಿಸಿದರು, ಮರಳಿ ತಂದದ್ದು ನಾಲ್ಕು ತಿಂಗಳ ಮೇಲೆ. ‘ಡಾರ್ಕ್ ಸೋಲ್ಸ್’ನದು ಇನ್ನೂ ತಮಾಷೆ. 2011ರಲ್ಲಿ ಕನ್ಸೋಲ್‌ನಲ್ಲಿ ಆಡಿದವರಿಗೆ ಅದರೊಳಗಿನ ಬ್ಲೈಟ್‌ಟೌನ್ ಅನ್ನುವ ಜಾಗ ಅಂದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕೊಳೆತ ಮರದ ಅಟ್ಟಣಿಗೆಗಳು, ಕೆಳಗೆ ವಿಷದ ಕೆಸರು, ಅದರ ಮೇಲೆ ಯಂತ್ರ ಏದುಸಿರು ಬಿಟ್ಟು ಚಿತ್ರ ತಡವರಿಸುತ್ತಿತ್ತು. ಗುಂಡಿ ಒತ್ತಿದ್ದಕ್ಕೂ ಕತ್ತಿ ಬೀಸಿದ್ದಕ್ಕೂ ತಾಳ ತಪ್ಪುತ್ತಿತ್ತು. 2012ರಲ್ಲಿ ಪಿಸಿಗೆ ಬಂದಾಗಲೂ ಸೆಕೆಂಡಿಗೆ 30 ಫ್ರೇಮ್‌ಗೇ, ಅಂದರೆ 30 ಚಿತ್ರಕ್ಕೇ, ಕಟ್ಟಿಹಾಕಿದ್ದರು, ಚಿತ್ರ ಮಸುಕು. ಡ್ಯುರಾಂಟೆ ಅನ್ನುವ ಹೆಸರಿನ ಒಬ್ಬ ಆಟಗಾರ ‘ಡಿಎಸ್‌ಫಿಕ್ಸ್’ ಅನ್ನುವ ಪುಟ್ಟ ತೇಪೆ ಬರೆದುಕೊಟ್ಟ ಮೇಲೆ ಅದು ಕಣ್ಣಿಗೆ ಹಿತವಾಯಿತು. ಈ ಮೂರು ರೂಪಗಳನ್ನೂ ಜನ ಕರೆಯುವುದು ‘ಡಾರ್ಕ್ ಸೋಲ್ಸ್’ ಅಂತಲೇ.

ಕೈಯಲ್ಲಿ ಹಿಡಿಯುವ ಸಾಧನಗಳ ವಿಮರ್ಶೆಯಲ್ಲಿ ಇನ್ನೊಂದು ಬಲೆ ಇದೆ. 2019ರಲ್ಲಿ ‘ವಿಚರ್ 3’ ನಿಂಟೆಂಡೊದ ಸ್ವಿಚ್ ಯಂತ್ರಕ್ಕೆ ಬಂದಾಗ ಪವಾಡ ಪವಾಡ ಅಂತ ಎಲ್ಲರೂ ಬರೆದರು. ನಿಜವೇ, ಅಷ್ಟು ದೊಡ್ಡ ಜಗತ್ತು ಅಷ್ಟು ಸಣ್ಣ ಯಂತ್ರದಲ್ಲಿ. ಆದರೆ ಕೈಯಲ್ಲಿ ಹಿಡಿದಾಗ ಅದರ ಚಿತ್ರ 540ಪಿ, ದೂರದ ಮರಗಿಡ ಎಲ್ಲ ನೀರಲ್ಲಿ ನೆನೆದ ಹಾಗೆ. ವಿಮರ್ಶಕರ ಬೆರಗು ಯಂತ್ರದ ಮಿತಿಗೆ ಹೋಲಿಸಿದ ಬೆರಗು. ನಿಮ್ಮ ಬಳಿ ಬೇರೆ ಯಂತ್ರ ಇದ್ದರೆ ಆ ಹೊಗಳಿಕೆ ನಿಮಗೆ ಸಲ್ಲುವುದಿಲ್ಲ.

ಪ್ರಕಾರದ ಮಾತು ಇದಕ್ಕಿಂತ ಸೂಕ್ಷ್ಮ. ಒಳ್ಳೆಯ ಗೇಮ್ ಅಂತ ಒಂದೇ ಜಾತಿ ಇಲ್ಲ, ಪ್ರತಿ ಪ್ರಕಾರಕ್ಕೂ ಅಳತೆ ಬೇರೆ.

ಜಿಗಿಯುವ ಗೇಮ್‌ಗಳನ್ನೇ ತಗೊಳ್ಳಿ. 2018ರ ‘ಸೆಲೆಸ್ಟ್’ನ್ನು ಎಲ್ಲ ವಿಮರ್ಶೆಯೂ ‘ಕಷ್ಟ, ಆದರೆ ನ್ಯಾಯವಾದದ್ದು’ ಅನ್ನುತ್ತದೆ. ಆ ನ್ಯಾಯ ಎಲ್ಲಿಂದ ಬಂತು ಅಂತ ಬರೆಯುವವರು ಕಡಿಮೆ. ಹುಡುಗಿ ಬಂಡೆಯ ಅಂಚು ದಾಟಿ ಗಾಳಿಯಲ್ಲಿ ಕಾಲಿಟ್ಟ ಮೇಲೂ ಕೆಲವೇ ಫ್ರೇಮ್‌ಗಳ ಕಾಲ ಜಿಗಿಯಲು ಬಿಡುತ್ತದೆ. ಕಾರ್ಟೂನಿನಲ್ಲಿ ಕೆಳಗೆ ನೋಡುವವರೆಗೆ ಬೀಳದ ಕಯೋಟಿಯ ನೆನಪಿಗೆ ಇದನ್ನು ಕಯೋಟಿ ಟೈಮ್ ಅನ್ನುತ್ತಾರೆ. ನೆಲ ಮುಟ್ಟುವ ತುಸು ಮುಂಚೆಯೇ ಜಿಗಿತದ ಗುಂಡಿ ಒತ್ತಿದ್ದರೂ ನೆನಪಿಟ್ಟುಕೊಂಡು ನೆಲ ಮುಟ್ಟಿದ ಕೂಡಲೇ ಜಿಗಿಸುತ್ತದೆ. ಅಂದರೆ ನಿಮ್ಮ ತಪ್ಪನ್ನು ಸದ್ದಿಲ್ಲದೆ ಮುಚ್ಚಿಹಾಕುತ್ತಿರುತ್ತದೆ, ನೀವು ನಿಮ್ಮ ಬೆರಳನ್ನು ಮೆಚ್ಚಿಕೊಳ್ಳುತ್ತೀರಿ. ಅದರ ಮೇಲೆ ಅಸಿಸ್ಟ್ ಮೋಡ್ ಬೇರೆ: ವೇಗ ತಗ್ಗಿಸಬಹುದು, ಸಾಯದಂತೆ ಮಾಡಿಕೊಳ್ಳಬಹುದು. ಮರುವರ್ಷ ಬಂದ ‘ಸೆಕಿರೊ’ದಲ್ಲಿ ಅಂಥ ಯಾವ ಸಡಿಲಿಕೆಯೂ ಇರಲಿಲ್ಲ, ಕಷ್ಟ ಅನ್ನುವುದು ಗುಣವೋ ದೋಷವೋ ಅಂತ ತಿಂಗಳುಗಟ್ಟಲೆ ಜಗಳ ನಡೆಯಿತು. ನನಗೆ ಆ ಜಗಳದಲ್ಲಿ ಎರಡೂ ಕಡೆ ಬೇಸರ. ಕಷ್ಟ ಅಂತ ಬರೆದರೆ ಸಾಲದು, ಸತ್ತಾಗ ಯಾಕೆ ಸತ್ತೆ ಅನ್ನುವುದು ತಿಳಿಯುತ್ತಿತ್ತೇ, ಮತ್ತೆ ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕಿತ್ತು, ಅಷ್ಟನ್ನು ಬರೆದವರಿದ್ದರೆ ಅವರನ್ನು ಓದಿ.

ತಂತ್ರದ ಗೇಮ್‌ಗಳಲ್ಲಿ ನನ್ನದೇ ತಪ್ಪು ಒಪ್ಪಿಕೊಳ್ಳಬೇಕು. ಹಲವು ವರ್ಷದ ಕೆಳಗೆ ಒಂದು ಸಾಮ್ರಾಜ್ಯ ಕಟ್ಟುವ ಗೇಮ್‌ಗೆ ಹನ್ನೆರಡು ಗಂಟೆ ಆಡಿ ಹಾಡಿಹೊಗಳಿ ಬರೆದೆ. ಮೂರನೆಯ ವಾರ ನನ್ನ ಸಂತೋಷಕ್ಕೇ ಆಡುತ್ತಿದ್ದಾಗ ಎದುರಾಳಿ ಕಂಪ್ಯೂಟರ್‌ಗೆ ಸಮುದ್ರ ದಾಟಿ ದಾಳಿ ಮಾಡಲು ಬರುವುದೇ ಇಲ್ಲ ಅಂತ ಗೊತ್ತಾಯಿತು. ದ್ವೀಪದಲ್ಲಿ ಕೂತರೆ ಮುಗಿಯಿತು, ಯಾರೂ ಬರುವುದಿಲ್ಲ. ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಇನ್ನೂರು ಗಂಟೆಯ ಗೇಮ್‌ಗೆ ಆ ಗಾದೆ ಹಿಡಿಸುವುದಿಲ್ಲ. ‘ಸಿವಿಲೈಸೇಷನ್ 5’ 2010ರಲ್ಲಿ ಬಂದಾಗ ವಿಮರ್ಶಕರು ಮೆಚ್ಚಿದರು, ಹಳೆಯ ಆಟಗಾರರು ಗೊಣಗಿದರು, 2012 ಮತ್ತು 2013ರ ಎರಡು ಸೇರ್ಪಡೆಗಳು ಬಂದ ಮೇಲೆ ಗೊಣಗಾಟ ತಣ್ಣಗಾಯಿತು. ಈ ಪ್ರಕಾರಕ್ಕೆ ಮೊದಲ ದಿನದ ವಿಮರ್ಶೆ ಓದಬೇಡಿ. ಆರು ತಿಂಗಳು ಕಾದು, ನೂರಾರು ಗಂಟೆ ಆಡಿದವರ ಬೈಗುಳ ಓದಿ. ಇಷ್ಟು ಗಂಟೆ ಆಡಿಯೂ ಬೈಯುವವರಿಗೆ ವಿಷಯ ಗೊತ್ತಿರುತ್ತದೆ.

ಹೊಡೆದಾಟದ ಗೇಮ್‌ಗಳಲ್ಲಿ ಸೆಕೆಂಡಿಗೆ 60 ಫ್ರೇಮ್, ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಚುರುಕಾದ ಗುದ್ದು ಮೂರ್ನಾಲ್ಕು ಫ್ರೇಮ್‌ನಲ್ಲಿ ತಾಗುತ್ತದೆ. ಅಂಥ ಕಡೆ ಆನ್‌ಲೈನ್ ಸಂಪರ್ಕ ತುಸು ಎಳೆದಾಡಿದರೂ ಆಟವೇ ಇಲ್ಲ. ನೆಟ್‌ಕೋಡ್, ಅಂದರೆ ಆ ಸಂಪರ್ಕವನ್ನು ಗೇಮ್ ನಿಭಾಯಿಸುವ ಬಗೆ, ಅದರ ಬಗ್ಗೆ ಒಂದು ಸಾಲೂ ಇಲ್ಲದ ವಿಮರ್ಶೆ ಕಂಡರೆ ಮುಚ್ಚಿಬಿಡಿ. 2016ರಲ್ಲಿ ‘ಸ್ಟ್ರೀಟ್ ಫೈಟರ್ 5’ ಕಂಪ್ಯೂಟರ್ ಎದುರಾಳಿಗಳೊಂದಿಗೆ ಒಬ್ಬರೇ ಆಡುವ ಆರ್ಕೇಡ್ ಮೋಡ್ ಇಲ್ಲದೆ ಬಂತು. ಮನೆಯಲ್ಲಿ ಒಬ್ಬರೇ ಆಡುವವರಿಗೆ ಅದು ಅರೆಬೆಂದ ಸರಕು, ಪಂದ್ಯಾವಳಿಯ ಆಟಗಾರರಿಗೆ ಮುಂದಿನ ಹಲವು ವರ್ಷಗಳ ಬದುಕು. ಒಂದೇ ಅಂಕ ಇಬ್ಬರಿಗೂ ಹೇಗೆ ಹೊಂದೀತು?

ಒಗಟಿನ ಗೇಮ್‌ಗಳ ಬಗ್ಗೆ ಹೆಚ್ಚು ಓದದಿರುವುದೇ ಲೇಸು, ಒಳ್ಳೆಯ ವಿಮರ್ಶೆಯೇ ಗುಟ್ಟು ಕೆಡಿಸುತ್ತದೆ. ‘ಗಂಟೆಗೆ ಎಷ್ಟು ದುಡ್ಡು ಬಿತ್ತು’ ಅಂತ ಲೆಕ್ಕ ಹಾಕುವ ವಿಮರ್ಶೆಗಳನ್ನೂ ಬಿಡಿ. 2007ರ ‘ಪೋರ್ಟಲ್’ ಮೂರ್ನಾಲ್ಕು ಗಂಟೆಗೆ ಮುಗಿಯುತ್ತದೆ, ಅದರಲ್ಲಿ ಒಂದು ನಿಮಿಷವೂ ದಂಡವಲ್ಲ.

ಮೊಬೈಲ್ ಗೇಮ್‌ಗಳಲ್ಲಿ ಮತ್ತು ದಿನಾ ಬದಲಾಗುವ ಆನ್‌ಲೈನ್ ಗೇಮ್‌ಗಳಲ್ಲಿ ವಿಮರ್ಶೆಗೆ ತಾರೀಖು ಮುಖ್ಯ. 2022ರ ‘ಡಯಾಬ್ಲೊ ಇಮ್ಮಾರ್ಟಲ್’ನ್ನು ವಿಮರ್ಶಕರು ಸುಮಾರಾಗಿ ಮೆಚ್ಚಿದರು, ಮೆಟಾಕ್ರಿಟಿಕ್‌ನಲ್ಲಿ ಆಟಗಾರರ ಅಂಕ ಹತ್ತಕ್ಕೆ ಒಂದನ್ನೂ ಮುಟ್ಟಲಿಲ್ಲ. ಮೊದಲ ಕೆಲವು ದಿನ ಅದು ಧಾರಾಳವಾಗಿ ಕೊಡುತ್ತದೆ, ಕಿಸೆಗೆ ಕೈ ಹಾಕುವುದು ಆಮೇಲೆ. ‘ಕ್ರ್ಯಾಶ್ ಟೀಮ್ ರೇಸಿಂಗ್ ನೈಟ್ರೊ-ಫ್ಯೂಯಲ್ಡ್’ 2019ರ ಜೂನ್‌ನಲ್ಲಿ ಬಂದಾಗ ಒಳಗೆ ನಿಜವಾದ ದುಡ್ಡಿನ ವ್ಯಾಪಾರ ಇರಲಿಲ್ಲ, ವಿಮರ್ಶೆಗಳೆಲ್ಲ ಹೊರಬಿದ್ದ ಮೇಲೆ ಆಗಸ್ಟ್‌ನಲ್ಲಿ ಸೇರಿಸಿದರು. 2022ರ ಮಾರ್ಚ್‌ನಲ್ಲಿ ‘ಗ್ರಾನ್ ಟುರಿಸ್ಮೊ 7’ ಬಂದ ಕೆಲವೇ ವಾರಗಳಲ್ಲಿ ರೇಸ್ ಗೆದ್ದರೆ ಸಿಗುವ ಹಣವನ್ನು ಕಡಿತ ಮಾಡಿದರು, ಆಟಗಾರರು ರೊಚ್ಚಿಗೆದ್ದ ಮೇಲೆ ಕ್ಷಮೆ ಕೇಳಿ ಸರಿಪಡಿಸಿದರು. ಇದಕ್ಕೆ ತದ್ವಿರುದ್ಧ ‘ನೋ ಮ್ಯಾನ್ಸ್ ಸ್ಕೈ’: 2016ರಲ್ಲಿ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ ಅಂತ ಉಗಿಸಿಕೊಂಡ ತಂಡ, ವರ್ಷಗಟ್ಟಲೆ ಉಚಿತ ಅಪ್‌ಡೇಟ್ ಕೊಡುತ್ತ ಆ ಮಾತನ್ನು ತೀರಿಸಿತು. ಹಳೆಯ ವಿಮರ್ಶೆಗಳು ಈಗ ಇಲ್ಲದ ಗೇಮ್ ಬಗ್ಗೆ ಮಾತಾಡುತ್ತಿವೆ.

ಆಟಗಾರರ ಅಂಕವನ್ನು ಹಾಗಾದರೆ ನಂಬಬಹುದೇ? ಅಂಕವನ್ನು ಬೇಡ, ಬರಹವನ್ನು ನಂಬಿ. 2020ರ ಜೂನ್ 19ರಂದು ‘ದ ಲಾಸ್ಟ್ ಆಫ್ ಅಸ್ ಭಾಗ 2’ ಬಿಡುಗಡೆಯಾದಾಗ ವಿಮರ್ಶಕರ ಸರಾಸರಿ 93. ಮುಗಿಸಲು ಇಪ್ಪತ್ತೈದು ಗಂಟೆ ಬೇಕಾದ ಗೇಮ್‌ಗೆ ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಸಾವಿರಾರು ಸೊನ್ನೆಗಳು ಬಿದ್ದವು. ಅವರಲ್ಲಿ ಬಹಳ ಮಂದಿ ಸಿಟ್ಟಾಗಿದ್ದದ್ದು ಸೋರಿಕೆಯಾಗಿದ್ದ ಕಥೆಯ ಮೇಲೆ. ಮರುತಿಂಗಳು ಮೆಟಾಕ್ರಿಟಿಕ್ ಹೊಸ ಗೇಮ್‌ಗೆ ಆಟಗಾರರು ಅಂಕ ಕೊಡಲು 36 ಗಂಟೆ ಕಾಯುವಂತೆ ನಿಯಮ ಮಾಡಿತು. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕಾಣುವ ಶೇಕಡಾವಾರು ಮತ್ತೊಂದು ಗೊಂದಲ. ಶೇ. 95 ಅಂದರೆ ನೂರಕ್ಕೆ 95 ಅಂಕ ಅಂತಲ್ಲ, ನೂರರಲ್ಲಿ 95 ಮಂದಿ ಹೆಬ್ಬೆರಳು ಮೇಲೆತ್ತಿದ್ದಾರೆ ಅಂತ. ಎಲ್ಲರಿಗೂ ತುಸು ತುಸು ಹಿಡಿಸಿದ ಗೇಮ್‌ಗೆ ಅಲ್ಲಿ ಲಾಭ. ಅರ್ಧ ಜನ ಪ್ರಾಣ ಬಿಡುವ, ಉಳಿದರ್ಧ ಸಹಿಸದ ಗೇಮ್‌ಗೆ ನಷ್ಟ. ಆದರೆ ಸ್ಟೀಮ್‌ನ ಒಂದು ಉಪಕಾರ ಮರೆಯಬಾರದು: ಬರೆದವರು ಎಷ್ಟು ಗಂಟೆ ಆಡಿದ್ದಾರೆ ಅಂತ ಪಕ್ಕದಲ್ಲೇ ತೋರಿಸುತ್ತದೆ. ಪತ್ರಿಕೆಗಳೂ ಇದನ್ನು ಮಾಡಬೇಕು ಅಂತ ನಾನು ಹೇಳಿ ಹೇಳಿ ಸೋತೆ.

ನಿಮ್ಮ 90ರ ಗೇಮ್ ಯಾವುದೆಂದು ನೀವು ಬರೆದಿಲ್ಲ. ಎರಡು ಗಂಟೆಗೆ ಬಿಟ್ಟಿರಿ ಅಂದರೆ ತಪ್ಪೇನಿಲ್ಲ, ಸ್ಟೀಮ್ ಕೂಡ ಕೊಂಡ 14 ದಿನದೊಳಗೆ, ಆಡಿದ್ದು ಎರಡು ಗಂಟೆಯೊಳಗಿದ್ದರೆ ಹಣ ವಾಪಸ್ ಕೊಡುತ್ತದೆ. ನನಗೆ ಹೆಚ್ಚು ಕುತೂಹಲ ನೀವು ಮೂರು ಸಲ ಮುಗಿಸಿದ ಆ ಇನ್ನೊಂದರ ಮೇಲೆ. 2006ರಲ್ಲಿ ‘ಗಾಡ್ ಹ್ಯಾಂಡ್’ಗೆ ಐಜಿಎನ್ ಹತ್ತಕ್ಕೆ 3 ಕೊಟ್ಟಿತ್ತು. ಕಂಟ್ರೋಲರ್‌ನ ಬಲಗಡೆಯ ಕಡ್ಡಿ ಅಂದರೆ ಕ್ಯಾಮರಾ ತಿರುಗಿಸಲು ಅಂತ ಎಲ್ಲರ ಹೆಬ್ಬೆರಳಿಗೆ ರೂಢಿ. ಈ ಗೇಮ್‌ನಲ್ಲಿ ಆ ಕಡ್ಡಿ ಹೊಡೆತ ತಪ್ಪಿಸಿಕೊಳ್ಳಲು, ಕ್ಯಾಮರಾ ಬೆನ್ನ ಹಿಂದೆಯೇ ಅಂಟಿಕೊಂಡಿರುತ್ತದೆ. ಕೆಲವರಿಗೆ ಅದು ಕೊಳೆತ ವಿನ್ಯಾಸ. ಇನ್ನು ಕೆಲವರು ಇವತ್ತಿಗೂ ಹಳೆಯ ಪ್ಲೇಸ್ಟೇಷನ್ 2 ಹೊರತೆಗೆಯುವುದು ಆ ಕಡ್ಡಿಗಾಗಿಯೇ. ನಿಮ್ಮ ಗೇಮ್‌ಗೆ ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟವರ ವಿಮರ್ಶೆ ಹುಡುಕಿ, ಪೂರ್ತಿ ಓದಿ. ಅವರು ಬೈದದ್ದೆಲ್ಲ ನಿಮಗೆ ಹಿಡಿಸಿದ್ದೇ ಆಗಿದ್ದರೆ ಅವರ ಹೆಸರು ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅವರು ಯಾವ ಗೇಮ್ ಮೇಲೆ ಹರಿಹಾಯುತ್ತಾರೋ ಅದರ ಡೆಮೊ ಸಿಗುತ್ತದಾ ನೋಡಿ.